ವಿಷುವದ ದಿನ ಹಗಲು–ರಾತ್ರಿ ಸರಿಸಮವಲ್ಲ

ಸಂಪಾದಕರಿಗೆ,

ಮಾನ್ಯರೇ,

ವರ್ಷಕ್ಕೆ ಎರಡು ಸಲ, ಮಾರ್ಚ್ 20–21 ಮತ್ತು ಸೆಪ್ಟೆಂಬರ್ 22–23ರ ಸುಮಾರಿಗೆ, ‘ಇಂದು ಹಗಲು–ರಾತ್ರಿ ಸಮ’ ಎಂಬ ಚಿಕ್ಕ ಸುದ್ದಿ ಕನ್ನಡ ಪತ್ರಿಕೆಗಳಲ್ಲಿ ತಪ್ಪದೆ ಬರುತ್ತದೆ. ಅದೇ ಸಂಚಿಕೆಯ ಇನ್ನೊಂದು ಪುಟದಲ್ಲಿ, ರಾಹುಕಾಲ–ಗುಳಿಕಕಾಲದ ಪಕ್ಕದಲ್ಲೇ, ಆ ದಿನದ ಸೂರ್ಯೋದಯ ಮತ್ತು ಸೂರ್ಯಾಸ್ತದ ವೇಳೆಯೂ ಅಚ್ಚಾಗಿರುತ್ತದೆ. ಎರಡನ್ನೂ ಕಳೆದು ನೋಡಿದರೆ ಸುದ್ದಿ ನಿಲ್ಲುವುದಿಲ್ಲ. ಬೆಂಗಳೂರಿನಲ್ಲಿ ಮಾರ್ಚ್ 20ರಂದು ಸೂರ್ಯ ಹುಟ್ಟುವುದು ಬೆಳಿಗ್ಗೆ 6.24ಕ್ಕೆ, ಮುಳುಗುವುದು ಸಂಜೆ 6.30 ದಾಟಿದ ಮೇಲೆ. ಸೆಪ್ಟೆಂಬರ್ 23ರಂದು ಬೆಳಿಗ್ಗೆ 6.09 ಮತ್ತು ಸಂಜೆ 6.15 ದಾಟಿ. ಎರಡೂ ದಿನ ಹಗಲು 12 ಗಂಟೆಗಿಂತ ಆರೇಳು ನಿಮಿಷ ಹೆಚ್ಚು, ರಾತ್ರಿ ಅಷ್ಟೇ ಕಡಿಮೆ. ಒಟ್ಟು ಅಂತರ 13ರಿಂದ 14 ನಿಮಿಷ. ಕೈಗಡಿಯಾರದಲ್ಲೇ ಅಳೆಯಬಹುದಾದ ವ್ಯತ್ಯಾಸವಿದು. ಶಾಲಾ ಮಕ್ಕಳು ಈ ಸುದ್ದಿಯನ್ನು ಕತ್ತರಿಸಿ ಪುಸ್ತಕಕ್ಕೆ ಅಂಟಿಸಿಕೊಳ್ಳುತ್ತಾರೆ. ಹಾಗಾಗಿ ಇದನ್ನು ಸರಿಪಡಿಸಬೇಕೆಂದು ಕೋರಿ, ಕಾರಣವನ್ನೂ ಲೆಕ್ಕವನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಮೊದಲಿಗೆ, ವಿಷುವ ಒಂದು ದಿನವಲ್ಲ, ಒಂದು ಕ್ಷಣ. ಭೂಮಿಯ ಸಮಭಾಜಕ ವೃತ್ತವನ್ನು ಆಕಾಶಕ್ಕೆ ಚಾಚಿದರೆ ಸಿಗುವ ವಿಷುವದ್ವೃತ್ತವನ್ನು ಸೂರ್ಯಬಿಂಬದ ಕೇಂದ್ರ ದಾಟುವ ಕ್ಷಣ. 2026ರಲ್ಲಿ ಇದು ಮಾರ್ಚ್ 20ರ ರಾತ್ರಿ 8.16ಕ್ಕೆ, ಸೆಪ್ಟೆಂಬರ್ 23ರ ಬೆಳಗಿನ ಜಾವ 5.35ಕ್ಕೆ. ಆಗ ಸೂರ್ಯನ ಕ್ರಾಂತಿ, ಅಂದರೆ ವಿಷುವದ್ವೃತ್ತದಿಂದ ಉತ್ತರಕ್ಕೋ ದಕ್ಷಿಣಕ್ಕೋ ಇರುವ ಕೋನದೂರ, ಸೊನ್ನೆ. ಸೂರ್ಯ ಬರಿಯ ಚುಕ್ಕೆಯಾಗಿದ್ದು, ಭೂಮಿಗೆ ಗಾಳಿಯ ಹೊದಿಕೆಯೇ ಇಲ್ಲದಿದ್ದರೆ, ಆ ಸುಮಾರಿನ ಹಗಲು ಎಲ್ಲ ಊರುಗಳಲ್ಲೂ 12 ಗಂಟೆಯೇ ಇರುತ್ತಿತ್ತು. ಪಠ್ಯಪುಸ್ತಕದ ಚಿತ್ರದಲ್ಲಿ ಭೂಮಿಯ ಅರ್ಧಕ್ಕೆ ಬಿಳಿ, ಅರ್ಧಕ್ಕೆ ಕಪ್ಪು ಬಳಿದಿರುತ್ತಾರಲ್ಲ, ಆ ಚಿತ್ರ ಈ ಎರಡು ಊಹೆಗಳ ಮೇಲೆ ನಿಂತಿದೆ. ಎರಡೂ ನಿಜವಲ್ಲ.

ಸೂರ್ಯ ಚುಕ್ಕೆಯಲ್ಲ, ಬಿಂಬ. ಅದರ ಅಗಲ ಸುಮಾರು 32 ಕಲೆ (ಒಂದು ಡಿಗ್ರಿಗೆ 60 ಕಲೆ). ಉದಯವೆಂದು ನಾವು ಕರೆಯುವುದು ಬಿಂಬದ ಮೇಲಂಚು ದಿಗಂತದಲ್ಲಿ ಕಂಡ ಕ್ಷಣವನ್ನು. ಅಸ್ತವೆಂದರೆ ಅದೇ ಮೇಲಂಚು ಮರೆಯಾದ ಕ್ಷಣ. ಎರಡೂ ಸಲ ಬಿಂಬದ ಕೇಂದ್ರ ದಿಗಂತಕ್ಕಿಂತ 16 ಕಲೆ ಕೆಳಗಿರುತ್ತದೆ. ಹೀಗೆ ಹಗಲು ಎರಡೂ ತುದಿಯಲ್ಲಿ ಒಂದಿಷ್ಟು ಹಿಗ್ಗುತ್ತದೆ.

ಇದಕ್ಕಿಂತ ದೊಡ್ಡ ಕಾರಣ ಗಾಳಿ. ವಾತಾವರಣ ಮೇಲೆ ತೆಳು, ಕೆಳಗೆ ದಟ್ಟ. ಓರೆಯಾಗಿ ಒಳಬರುವ ಬೆಳಕು ಪದರದಿಂದ ಪದರಕ್ಕೆ ನೆಲದ ಕಡೆಗೆ ಬಾಗುತ್ತಾ ಬರುತ್ತದೆ. ಕಣ್ಣಿಗೆ ಅದು ಕೊನೆಯಲ್ಲಿ ತಾಗಿದ ದಿಕ್ಕಷ್ಟೇ ಗೊತ್ತಾಗುವುದರಿಂದ ಸೂರ್ಯ ಇರುವುದಕ್ಕಿಂತ ಮೇಲೆ ಕಾಣುತ್ತಾನೆ. ಬೋಗುಣಿಯ ತಳದಲ್ಲಿ ನಾಣ್ಯ ಇಟ್ಟು, ಅಂಚಿನ ಮರೆಗೆ ಅದು ಕಾಣದಾಗುವಷ್ಟು ಹಿಂದೆ ಸರಿದು ನಿಂತು, ಇನ್ನೊಬ್ಬರಿಂದ ನೀರು ಹೊಯ್ಯಿಸಿದರೆ ನಾಣ್ಯ ಮೇಲೆದ್ದಂತೆ ಕಾಣುತ್ತದೆ. ಅದೂ ಇದೇ ವಕ್ರೀಭವನ. ಸೂರ್ಯ ನೆತ್ತಿಯ ಮೇಲಿದ್ದಾಗ ಈ ಬಾಗು ಸೊನ್ನೆ. 45 ಡಿಗ್ರಿ ಎತ್ತರದಲ್ಲಿ ಸುಮಾರು ಒಂದು ಕಲೆ, 10 ಡಿಗ್ರಿಯಲ್ಲಿ ಐದು ಕಲೆ. ದಿಗಂತದಲ್ಲಿ ಮಾತ್ರ ಒಮ್ಮೆಲೇ ಏರಿ 34 ಕಲೆ ಆಗುತ್ತದೆ, ಅಂದರೆ ಸೂರ್ಯನ ಬಿಂಬದ ಅಗಲಕ್ಕಿಂತಲೂ ತುಸು ಹೆಚ್ಚು.

ಮಲ್ಪೆ, ಪಣಂಬೂರು, ಕಾರವಾರದ ಕಡಲತೀರದಲ್ಲಿ ನಿಂತವರು ಇದನ್ನು ಕಣ್ಣಾರೆ ನೋಡಬಹುದು. ಮೋಡವಿಲ್ಲದ ಸಂಜೆ, ಬೆಳಕು ಕಣ್ಣಿಗೆ ಹಾನಿಯಾಗದಷ್ಟು ತಗ್ಗಿದ ಮೇಲೆ, ಬಿಂಬ ಗುಂಡಗಿರದೆ ಅಡ್ಡಕ್ಕೆ ಅಗಲವಾಗಿ, ಮೇಲೆ–ಕೆಳಗೆ ಚಪ್ಪಟೆಯಾಗಿ ಕಾಣುತ್ತದೆ. ಕೆಳಗಿನ ಅಂಚನ್ನು ಗಾಳಿ ಮೇಲಿನ ಅಂಚಿಗಿಂತ ಸುಮಾರು ಐದು ಕಲೆ ಹೆಚ್ಚು ಎತ್ತಿರುತ್ತದೆ. ಹಾಗಾಗಿ 32 ಕಲೆಯ ಎತ್ತರ 27ಕ್ಕೆ ಇಳಿದಿರುತ್ತದೆ. ಆ ಕೆಳ ಅಂಚು ನೀರಿಗೆ ಆಗಷ್ಟೇ ತಾಗಿದೆ ಎನ್ನಿ. ಆ ಹೊತ್ತಿಗೆ ನಿಜವಾದ ಸೂರ್ಯ, ಮೇಲಂಚೂ ಸೇರಿ, ಪೂರ್ತಿಯಾಗಿ ದಿಗಂತದ ಕೆಳಗೆ ಇಳಿದಾಗಿದೆ. ಅಲ್ಲಿಂದ ಮುಂದೆ ಎರಡು ನಿಮಿಷಕ್ಕೂ ಹೆಚ್ಚು ಹೊತ್ತು ನಾವು ನೋಡುವುದು ಗಾಳಿ ಎತ್ತಿ ತೋರಿಸುವ ಸೂರ್ಯನನ್ನು. ಪತ್ರಿಕೆಯಲ್ಲಿ ಅಚ್ಚಾಗುವ ಸೂರ್ಯಾಸ್ತ ಆ ಎರಡು ನಿಮಿಷವನ್ನೂ ಹಗಲಿಗೇ ಸೇರಿಸುತ್ತದೆ, ಸೇರಿಸಬೇಕು ಕೂಡ.

ಎರಡೂ ಸೇರಿ 34 ಮತ್ತು 16, ಒಟ್ಟು 50 ಕಲೆ. ಬಿಂಬದ ಕೇಂದ್ರ ದಿಗಂತದಿಂದ 50 ಕಲೆ ಕೆಳಗಿರುವ ಕ್ಷಣವನ್ನೇ ಉದಯ, ಅಸ್ತ ಎಂದು ಜಗತ್ತಿನ ಖಗೋಳ ಕೋಷ್ಟಕಗಳೂ ನಮ್ಮ ಮೊಬೈಲಿನ ಆ್ಯಪುಗಳೂ ಹಿಡಿಯುತ್ತವೆ. ಇನ್ನು ಇದನ್ನು ನಿಮಿಷಕ್ಕೆ ಇಳಿಸೋಣ. ಭೂಮಿ ಗಂಟೆಗೆ 15 ಡಿಗ್ರಿ ತಿರುಗುವುದರಿಂದ ವಿಷುವದ ದಿನ ಸೂರ್ಯ ನಿಮಿಷಕ್ಕೆ 15 ಕಲೆ ಸರಿಯುತ್ತಾನೆ. ಆದರೆ ಬೆಂಗಳೂರಿನ ಅಕ್ಷಾಂಶ ಸುಮಾರು 13 ಡಿಗ್ರಿ. ಇಲ್ಲಿ ಸೂರ್ಯ ನೆಟ್ಟಗೆ ಇಳಿಯದೆ ಆ 13 ಡಿಗ್ರಿಯಷ್ಟು ವಾಲಿ ಇಳಿಯುತ್ತಾನೆ. ಆದ್ದರಿಂದ 15ನ್ನು ಅಕ್ಷಾಂಶದ ಕೊಸೈನಿನಿಂದ ಗುಣಿಸಬೇಕು, ನಿಮಿಷಕ್ಕೆ 14.6 ಕಲೆ ಬರುತ್ತದೆ. 50 ಕಲೆಗೆ 3 ನಿಮಿಷ 25 ಸೆಕೆಂಡು. ಬೆಳಿಗ್ಗೆ ಅಷ್ಟು, ಸಂಜೆ ಅಷ್ಟು, ಒಟ್ಟು 6 ನಿಮಿಷ 50 ಸೆಕೆಂಡು. ಇದರಲ್ಲಿ ಬಿಂಬದ ಪಾಲು ಎರಡು ನಿಮಿಷ ಚಿಲ್ಲರೆ, ಉಳಿದದ್ದು ಗಾಳಿಯದು. ಉತ್ತರಕ್ಕೆ ಹೋದಷ್ಟೂ ಇಳಿಜಾರು ಹೆಚ್ಚಾಗಿ ಈ ಸಂಖ್ಯೆ ಏರುತ್ತದೆ: ಬೀದರಿಗೆ 7 ನಿಮಿಷ, ದೆಹಲಿಗೆ ಏಳೂವರೆ ದಾಟುತ್ತದೆ, ಲಂಡನ್ನಿಗೆ ಹತ್ತಿರ ಹತ್ತಿರ 11. ವಿಷುವದ ಕ್ಷಣ ಮಧ್ಯಾಹ್ನಕ್ಕೆ ಬೀಳದೆ ಆಚೀಚೆ ಆದರೆ ಕೆಲವು ಸೆಕೆಂಡು ವ್ಯತ್ಯಾಸವಾಗುತ್ತದೆ. 2026ರ ಮಾರ್ಚಿನಲ್ಲಿ ಕ್ಷಣ ರಾತ್ರಿಗೆ ಬೀಳುವುದರಿಂದ ಬೆಂಗಳೂರಿನ ಮಟ್ಟಿಗೆ ಸುಮಾರು 14 ಸೆಕೆಂಡು ಕಳೆಯಬೇಕು.

ಹಾಗಾದರೆ ನಿಜವಾಗಿ ಹಗಲು–ರಾತ್ರಿ ಸಮವಾಗುವುದು ಯಾವತ್ತು? ಇದಕ್ಕೆ ಊರೂರಿಗೆ ಬೇರೆ ಉತ್ತರ. ವಿಷುವದ ಸುಮಾರಿಗೆ ಸೂರ್ಯನ ಕ್ರಾಂತಿ ದಿನಕ್ಕೆ 23ರಿಂದ 24 ಕಲೆಯಷ್ಟು ಬದಲಾಗುತ್ತದೆ. ಅದರಿಂದ ಹಗಲು ದಿನಕ್ಕೆ ಎಷ್ಟು ಬೆಳೆಯುತ್ತದೆ ಎಂದರೆ, 3.16 ನಿಮಿಷವನ್ನು ಅಕ್ಷಾಂಶದ ಟ್ಯಾಂಜೆಂಟಿನಿಂದ ಗುಣಿಸಿದಷ್ಟು. ಬೆಂಗಳೂರಿನಲ್ಲಿ 44 ಸೆಕೆಂಡು, ಬೀದರಿನಲ್ಲಿ ಒಂದು ನಿಮಿಷ, ಲಂಡನ್ನಿನಲ್ಲಿ ಹೆಚ್ಚುಕಡಿಮೆ ನಾಲ್ಕು ನಿಮಿಷ. ವಿಷುವದ ದಿನ ಮಿಕ್ಕಿರುವ ನಿಮಿಷಗಳನ್ನು ಈ ದಿನವಹಿ ಏರಿಕೆಯಿಂದ ಭಾಗಿಸಿದರೆ ಎಷ್ಟು ದಿನ ಹಿಂದೆ ಸರಿಯಬೇಕೆಂದು ಸಿಗುತ್ತದೆ. ಕೊಸೈನು, ಟ್ಯಾಂಜೆಂಟು ಎರಡೂ ಸೇರಿ ಲೆಕ್ಕ ತುಂಬ ಸರಳವಾಗುತ್ತದೆ: 2.1ನ್ನು ಊರಿನ ಅಕ್ಷಾಂಶದ ಸೈನಿನಿಂದ ಭಾಗಿಸಿ, ಅಷ್ಟೇ. ಹತ್ತನೇ ತರಗತಿಯ ತ್ರಿಕೋನಮಿತಿ ಓದಿದ ಯಾರೂ ಕ್ಯಾಲ್ಕುಲೇಟರಿನಲ್ಲಿ ಮಾಡಬಹುದು. ಬೆಂಗಳೂರು, ಮಂಗಳೂರಿಗೆ ಒಂಬತ್ತೂವರೆ ದಿನದ ಹತ್ತಿರ. ಮೈಸೂರಿಗೆ ಹತ್ತು, ಬಳ್ಳಾರಿಗೆ ಎಂಟು, ಬೀದರಿಗೆ ಏಳು, ದೆಹಲಿಗೆ ನಾಲ್ಕೂವರೆ, ಲಂಡನ್ನಿಗೆ ಮೂರಕ್ಕೂ ಕಡಿಮೆ. ಮಾರ್ಚಿನಲ್ಲಿ ಇಷ್ಟು ದಿನ ವಿಷುವಕ್ಕಿಂತ ಮುಂಚೆ, ಸೆಪ್ಟೆಂಬರಿನಲ್ಲಿ ಇಷ್ಟು ದಿನ ಆಮೇಲೆ.

ಹಾಗೆ ನೋಡಿದರೆ ಬೆಂಗಳೂರಿನಲ್ಲಿ ಹಗಲು–ರಾತ್ರಿ ಸಮವಾಗುವುದು ಮಾರ್ಚ್ 11ರ ಸುಮಾರಿಗೆ ಮತ್ತು ಅಕ್ಟೋಬರ್ 2ರಂದು, ಗಾಂಧಿ ಜಯಂತಿಯ ದಿನ. ಪರೀಕ್ಷಿಸುವುದು ಸುಲಭ. ಆ ದಿನ ಉದಯ ಮತ್ತು ಅಸ್ತದ ಗಡಿಯಾರದ ಅಂಕಿ ಒಂದೇ ಆಗಿರಬೇಕು. ಮಾರ್ಚ್ 11ರಂದು ಬೆಳಿಗ್ಗೆ 6.30, ಸಂಜೆ 6.30. ಅಕ್ಟೋಬರ್ 2ರಂದು ಬೆಳಿಗ್ಗೆ 6.09, ಸಂಜೆ 6.09. ಒಂದು ನಿಮಿಷದೊಳಗೆ ತಾಳೆಯಾಗುತ್ತದೆ. ಬೀದರಿನವರು ಇದನ್ನು ಮಾರ್ಚ್ 13–14ಕ್ಕೆ ಮತ್ತು ಸೆಪ್ಟೆಂಬರ್ 30ಕ್ಕೆ ನೋಡಬೇಕು. ಒಂದೇ ರಾಜ್ಯದೊಳಗೆ ಎರಡು ಮೂರು ದಿನದ ವ್ಯತ್ಯಾಸ ಇರುವಾಗ, ಇಡೀ ಭೂಮಿಗೆ ಅನ್ವಯಿಸುವ ಒಂದೇ ‘ಸಮ ದಿನ’ ಎಂಬುದಿಲ್ಲ. ಇಡೀ ಭೂಮಿಗೆ ಒಂದೇ ಆಗಿರುವುದು ವಿಷುವದ ಕ್ಷಣ ಮಾತ್ರ. ಮಾರ್ಚ್ 11ರಿಂದ ಅಕ್ಟೋಬರ್ 2ರವರೆಗೆ ಎಣಿಸಿದರೆ 205 ದಿನ. ಅಷ್ಟು ದಿನ ಬೆಂಗಳೂರಿನಲ್ಲಿ ಹಗಲೇ ಉದ್ದ, ರಾತ್ರಿ ಉದ್ದವಿರುವುದು ಮಿಕ್ಕ 160 ದಿನ. (ಮಾರ್ಚ್ ವಿಷುವದಿಂದ ಸೆಪ್ಟೆಂಬರ್ ವಿಷುವಕ್ಕೇ 186 ದಿನ ಆಗುತ್ತದೆ. ಜುಲೈ ಮೊದಲ ವಾರದಲ್ಲಿ ಭೂಮಿ ಸೂರ್ಯನಿಂದ ಅತಿ ದೂರದಲ್ಲಿದ್ದು ನಿಧಾನವಾಗಿ ಸಾಗುವುದು ಅದಕ್ಕೆ ಕಾರಣ. ಉಳಿದ 19 ದಿನ ಬಿಂಬ ಮತ್ತು ಗಾಳಿಯ ಕೊಡುಗೆ.)

ಸಮಭಾಜಕ ವೃತ್ತದ ಮೇಲೆ ಹಗಲು–ರಾತ್ರಿ ಸದಾ ಸಮ ಎಂಬ ಮಾತು ಇನ್ನೂ ಹೆಚ್ಚು ತಪ್ಪು. ಅಲ್ಲಿ ವರ್ಷದ ಯಾವ ದಿನವೂ ಅವು ಸಮವಾಗುವುದಿಲ್ಲ. ಹಗಲು ಯಾವಾಗಲೂ ಆರೂವರೆಯಿಂದ ಏಳೂಕಾಲು ನಿಮಿಷದಷ್ಟು ಹೆಚ್ಚು. ಸಿಂಗಪುರದಂಥ, ಒಂದು ಡಿಗ್ರಿ ಚಿಲ್ಲರೆ ಅಕ್ಷಾಂಶದ ಊರಿನಲ್ಲಿ ಡಿಸೆಂಬರಿನ ಅತಿ ಚಿಕ್ಕ ಹಗಲು ಕೂಡ 12 ಗಂಟೆಗಿಂತ ಎರಡು ಮೂರು ನಿಮಿಷ ಉದ್ದ. ಮೇಲಿನ ಸೂತ್ರ ಇಂಥ ಕಡಿಮೆ ಅಕ್ಷಾಂಶಕ್ಕೆ ಹೊಂದುವುದಿಲ್ಲ, ಏಕೆಂದರೆ ಕ್ರಾಂತಿ ದಿನಕ್ಕೆ ಇಷ್ಟೇ ಎಂದು ಒಂದೇ ಸಮನೆ ಬದಲಾಗುವುದು ವಿಷುವದ ಆಸುಪಾಸಿನ ಕೆಲವು ವಾರ ಮಾತ್ರ. ಧ್ರುವಗಳಲ್ಲಂತೂ ವಿಚಿತ್ರವೇ. ಉತ್ತರ ಧ್ರುವದಲ್ಲಿ ಸೂರ್ಯ ಮಾರ್ಚ್ ವಿಷುವಕ್ಕೆ ಎರಡು ದಿನ ಮುಂಚೆಯೇ ಮೇಲೆ ಬರುತ್ತಾನೆ, ದಕ್ಷಿಣ ಧ್ರುವದಲ್ಲಿ ವಿಷುವ ಕಳೆದು ಎರಡು ದಿನವಾದ ಮೇಲೆ ಮುಳುಗುತ್ತಾನೆ. ನಡುವಿನ ಸುಮಾರು ನಾಲ್ಕು ದಿನ ಎರಡೂ ಧ್ರುವಗಳಿಗೆ ಒಟ್ಟಿಗೇ ಸೂರ್ಯ ಕಾಣುತ್ತಿರುತ್ತಾನೆ. ಯಾವ ಕ್ಷಣ ಹಿಡಿದರೂ ಭೂಮಿಯ ಮೇಲ್ಮೈಯ ಅರ್ಧಕ್ಕಿಂತ ಹೆಚ್ಚು, ಸುಮಾರು 50.7 ಶೇಕಡಾ ಭಾಗಕ್ಕೆ ಸೂರ್ಯ ಕಾಣುತ್ತಿರುತ್ತಾನೆ ಎಂದರೆ ವಿಷಯ ಸ್ಪಷ್ಟವಾದೀತು.

ಪಂಚಾಂಗ ನೋಡುವ ಓದುಗರು ಇಲ್ಲಿ ಒಂದು ಪ್ರಶ್ನೆ ಎತ್ತುತ್ತಾರೆ, ಅದು ನ್ಯಾಯವಾದ ಪ್ರಶ್ನೆ. ಪ್ರಾಚೀನ ಖಗೋಳ ಗ್ರಂಥ ಸೂರ್ಯಸಿದ್ಧಾಂತದ ಕ್ರಮದಲ್ಲಿ ವಿಷುವದಂದು ಚರ (ಊರಿಗೆ ತಕ್ಕಂತೆ ಹಗಲಿನ ಅಳತೆಗೆ ಮಾಡುವ ತಿದ್ದುಪಡಿ) ಸೊನ್ನೆ, ದಿನಮಾನ ಅಂದರೆ ಹಗಲಿನ ಉದ್ದ 30 ಘಟಿ (ಒಂದು ಘಟಿ 24 ನಿಮಿಷ), ರಾತ್ರಿಮಾನ 30 ಘಟಿ, ಅದು ತಪ್ಪೇ? ತಪ್ಪಲ್ಲ. ಆ ಕ್ರಮ ಬಿಂಬದ ಕೇಂದ್ರವನ್ನು ಹಿಡಿಯುತ್ತದೆ, ವಕ್ರೀಭವನವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ತನ್ನ ವ್ಯಾಖ್ಯೆಯೊಳಗೆ ಅದು ಸರಿ. ಕಣ್ಣಿಗೆ ಕಾಣುವ ಉದಯಾಸ್ತ ಹಿಡಿದರೆ ಬೆಂಗಳೂರಿನ ದಿನಮಾನ 30 ಘಟಿ 17 ವಿಘಟಿ (ಒಂದು ವಿಘಟಿ 24 ಸೆಕೆಂಡು) ಆಗುತ್ತದೆ. ಎರಡು ವ್ಯಾಖ್ಯೆಗಳಲ್ಲಿ ಯಾವುದನ್ನಾದರೂ ಬಳಸಲಿ, ಆದರೆ ಸುದ್ದಿಗೆ ಒಂದು, ವೇಳಾಪಟ್ಟಿಗೆ ಇನ್ನೊಂದು ಎಂದು ಬೆರೆಸಬಾರದು. ತುಳುನಾಡಿನ ಬಿಸು ಹಬ್ಬ ಏಪ್ರಿಲ್ 14ರ ಸುಮಾರಿಗೆ ಬರುವುದನ್ನು ಇದಕ್ಕೆ ತಳಕು ಹಾಕುವವರೂ ಇದ್ದಾರೆ. ಅದು ಬೇರೆಯೇ ವಿಷಯ. ಅದು ನಕ್ಷತ್ರಗಳ ನಡುವಿನ ಮೇಷ ಸಂಕ್ರಮಣ. ಅಯನಚಲನದಿಂದ, ಅಂದರೆ ಭೂಮಿಯ ಅಕ್ಷ ನಿಧಾನವಾಗಿ ದಿಕ್ಕು ಬದಲಿಸುವುದರಿಂದ, ಈಗ ಅದಕ್ಕೂ ವಿಷುವಕ್ಕೂ 24 ಡಿಗ್ರಿಯಷ್ಟು ಅಂತರ ಬಿದ್ದಿದೆ. ಮಂಗಳೂರಿನಲ್ಲಿ ಬಿಸುವಿನ ಹಗಲು 12 ಗಂಟೆ 24 ನಿಮಿಷದ ಹತ್ತಿರ.

ಸ್ವತಃ ಅಳೆಯಲು ಹೊರಟವರಿಗೆ ಎಲ್ಲಿ ಎಡವಟ್ಟಾಗುತ್ತದೆ ಎಂಬುದನ್ನೂ ಹೇಳಬೇಕು. ಪತ್ರಿಕೆ, ಆ್ಯಪು ಎರಡೂ ಸೆಕೆಂಡು ಬಿಟ್ಟು ನಿಮಿಷವನ್ನಷ್ಟೇ ಕೊಡುತ್ತವೆ. ಕಳೆದಾಗ ಒಂದು ನಿಮಿಷದವರೆಗೂ ಹೆಚ್ಚುಕಮ್ಮಿ ಆಗಬಹುದು. ಒಂದು ದಿನದ ಅಂಕಿ ನೆಚ್ಚಿಕೊಳ್ಳದೆ ಮಾರ್ಚ್ 5ರಿಂದ 25ರವರೆಗಿನ ಪಟ್ಟಿ ಮಾಡಿ ನೋಡಬೇಕು. ಮಲೆನಾಡು, ಕೊಡಗಿನಲ್ಲಿ ಎದುರಿಗೆ ಗುಡ್ಡವಿದ್ದರೆ ಸೂರ್ಯ ಕಾಣುವುದು ತಡ, ಮರೆಯಾಗುವುದು ಬೇಗ. ಅಲ್ಲಿ ನೋಡಿ ಬರೆದ ವೇಳೆ ಈ ಲೆಕ್ಕಕ್ಕೆ ಬಾರದು. ನಗರದ ಕಟ್ಟಡಗಳದ್ದೂ ಅದೇ ಕತೆ. ಎತ್ತರದ ಜಾಗದಲ್ಲಿ ಇದಕ್ಕೆ ತಿರುಗುಮುರುಗು. ಅಲ್ಲಿ ದಿಗಂತವೇ ಕೆಳಗೆ ಜಾರುತ್ತದೆ. ಕಲೆಗಳಲ್ಲಿ ಅದರ ಲೆಕ್ಕ, ಮೀಟರಿನಲ್ಲಿರುವ ಎತ್ತರದ ವರ್ಗಮೂಲದ 1.76 ಪಟ್ಟು. ಆಗುಂಬೆಯ ಸೂರ್ಯಾಸ್ತದ ಕಟ್ಟೆ ಸಮುದ್ರಮಟ್ಟದಿಂದ ಸುಮಾರು 640 ಮೀಟರ್ ಮೇಲಿದೆ. ಅರಬ್ಬಿ ಸಮುದ್ರ ನಿಚ್ಚಳವಾಗಿ ಕಾಣುವ ಸಂಜೆ ಅಲ್ಲಿ ದಿಗಂತ 44 ಕಲೆ ಕೆಳಗಿದ್ದು, ಸೂರ್ಯ ಕೋಷ್ಟಕದ ವೇಳೆಗಿಂತ ಮೂರು ನಿಮಿಷ ತಡವಾಗಿ ಮುಳುಗುತ್ತಾನೆ.

34 ಕಲೆ ಎಂಬುದೂ ಸರಾಸರಿ ಅಂಕಿ. ಗಾಳಿ ಬಿಸಿಯಾದರೆ, ಒತ್ತಡ ಕಡಿಮೆಯಾದರೆ ಬಾಗುವುದು ಕಡಿಮೆ. ಕರಾವಳಿಯ 30 ಡಿಗ್ರಿ ಸೆಲ್ಸಿಯಸ್ ಗಾಳಿಯಲ್ಲಿ ಅದು 32 ಕಲೆಗೆ ಇಳಿಯುತ್ತದೆ, ಅದರಿಂದ ತುದಿಗೆ ಎಂಟೊಂಬತ್ತು ಸೆಕೆಂಡಿನ ವ್ಯತ್ಯಾಸ. ತಣ್ಣನೆಯ ಗಾಳಿಯ ಮೇಲೆ ಬೆಚ್ಚನೆಯ ಪದರ ಕೂತಾಗ ಬಾಗು ವಿಪರೀತ ಹೆಚ್ಚುತ್ತದೆ. 1597ರ ಜನವರಿ 24ರಂದು ಆರ್ಕ್‌ಟಿಕ್‌ನ ನೋವಾಯಾ ಜೆಮ್ಲ್ಯಾ ದ್ವೀಪದಲ್ಲಿ ಚಳಿಗಾಲ ಕಳೆಯುತ್ತಿದ್ದ ವಿಲ್ಲೆಮ್ ಬಾರೆಂಟ್ಸ್‌ನ ಡಚ್ ನಾವಿಕರಿಗೆ ಸೂರ್ಯ ಲೆಕ್ಕಕ್ಕಿಂತ ಎರಡು ವಾರ ಮುಂಚೆ ಕಾಣಿಸಿದ್ದು ಹೀಗೆಯೇ. ನಮ್ಮ ಅಕ್ಷಾಂಶದಲ್ಲಿ ಅಷ್ಟು ದೊಡ್ಡ ಏರುಪೇರು ಆಗುವುದಿಲ್ಲ, ಸೆಕೆಂಡುಗಳ ಲೆಕ್ಕದಲ್ಲಿ ಮುಗಿಯುತ್ತದೆ. ಆದರೆ ಉದಯಾಸ್ತವನ್ನು ಸೆಕೆಂಡಿನವರೆಗೂ ಮುಂಚಿತವಾಗಿ ಹೇಳುತ್ತೇವೆ ಎನ್ನುವ ಆ್ಯಪುಗಳನ್ನು ನಂಬಬೇಡಿ. ಇನ್ನು ಮುಸ್ಸಂಜೆಯ ಬೆಳಕು ಈ ಯಾವ ಲೆಕ್ಕದಲ್ಲೂ ಸೇರಿಲ್ಲ. ಸೂರ್ಯ ದಿಗಂತದಿಂದ 6 ಡಿಗ್ರಿ ಇಳಿಯುವವರೆಗೆ ದೀಪವಿಲ್ಲದೆ ಓಡಾಡುವಷ್ಟು ಬೆಳಕಿರುತ್ತದೆ. ಬೆಂಗಳೂರಿನಲ್ಲಿ ಅದು ಬೆಳಿಗ್ಗೆ 21, ಸಂಜೆ 21 ನಿಮಿಷ. ಅದನ್ನೂ ಕೂಡಿದರೆ ವಿಷುವದ ದಿನ ಬೆಳಕಿನ ಹೊತ್ತು 12 ಗಂಟೆ 49 ನಿಮಿಷ.

ವಿಷುವದ ದಿನ ಶಾಲೆಗಳಲ್ಲಿ ತೋರಿಸಲು ನಿಜವಾದ ಸಂಗತಿಗಳು ಬೇಕಾದಷ್ಟಿವೆ. ಅಂದು ಸೂರ್ಯ ನೇರ ಪೂರ್ವದಲ್ಲಿ ಹುಟ್ಟಿ ನೇರ ಪಶ್ಚಿಮದಲ್ಲಿ ಮುಳುಗುತ್ತಾನೆ (ಗಾಳಿಯಿಂದಾಗುವ ವ್ಯತ್ಯಾಸ ಡಿಗ್ರಿಯ ಐದನೇ ಒಂದು ಪಾಲು, ಕಣ್ಣಿಗೆ ತಿಳಿಯದು). ಸಮತಟ್ಟು ನೆಲದಲ್ಲಿ ಒಂದು ಮೀಟರ್ ಕೋಲನ್ನು ತೂಗುಗುಂಡಿನಿಂದ ನೆಟ್ಟಗೆ ನಿಲ್ಲಿಸಿ, ಬೆಳಿಗ್ಗೆ 9ರಿಂದ ಮಧ್ಯಾಹ್ನ 3.30ರವರೆಗೆ ಅರ್ಧ ಗಂಟೆಗೊಮ್ಮೆ ನೆರಳಿನ ತುದಿಗೆ ಗುರುತು ಹಾಕಿದರೆ ಗುರುತುಗಳೆಲ್ಲ ಒಂದೇ ಸರಳರೇಖೆಯಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ, ಬೀಳುತ್ತವೆ. ಬೇರೆ ತಿಂಗಳುಗಳಲ್ಲಿ ಅದು ಬಾಗಿದ ಗೆರೆ. ನಡುಹಗಲಿನ ನೆರಳು ಬೆಂಗಳೂರಿನಲ್ಲಿ 23 ಸೆಂಟಿಮೀಟರ್, ಬೀದರಿನಲ್ಲಿ 32. ಆ ಉದ್ದವನ್ನು ಕೋಲಿನ ಉದ್ದದಿಂದ ಭಾಗಿಸಿದರೆ ಊರಿನ ಅಕ್ಷಾಂಶದ ಟ್ಯಾಂಜೆಂಟು ಸಿಗುತ್ತದೆ. 12 ಅಂಗುಲದ ಶಂಕುವಿನಿಂದ (ನೆರಳು ಅಳೆಯುವ ಕೋಲಿನಿಂದ) ನಮ್ಮ ಹಿಂದಿನ ಗಣಿತಜ್ಞರು ತೆಗೆಯುತ್ತಿದ್ದ ಪಲಭಾ ಈ ವಿಷುವದ ನಡುಹಗಲಿನ ನೆರಳೇ. ನಡುಹಗಲು ಎಂದರೆ ಗಡಿಯಾರದ 12 ಗಂಟೆಯಲ್ಲ. ಬೆಂಗಳೂರಿಗೆ ಮಾರ್ಚಿನಲ್ಲಿ 12.27, ಸೆಪ್ಟೆಂಬರಿನಲ್ಲಿ 12.12. ಇದನ್ನು ಮರೆತು 12 ಗಂಟೆಗೆ ಅಳೆದವರಿಗೆ ಅಕ್ಷಾಂಶ ತಪ್ಪಾಗಿ ಬರುತ್ತದೆ. ಮತ್ತೆ ಅಂದು ನಮ್ಮಲ್ಲಿ ಸೂರ್ಯ ನೆತ್ತಿಯ ಮೇಲೆ ಬರುವುದೂ ಇಲ್ಲ. ಬೆಂಗಳೂರಿನ ಶೂನ್ಯ ನೆರಳಿನ ದಿನ ಏಪ್ರಿಲ್ 24ರ ಸುಮಾರಿಗೆ ಒಮ್ಮೆ, ಆಗಸ್ಟ್ 18ರ ಸುಮಾರಿಗೆ ಇನ್ನೊಮ್ಮೆ.

ಆದ್ದರಿಂದ ನನ್ನ ಕೋರಿಕೆ ಇಷ್ಟು. ‘ಇಂದು ಹಗಲು–ರಾತ್ರಿ ಸಮ’ ಎಂಬುದರ ಬದಲು ‘ಇಂದು ವಿಷುವ, ಸೂರ್ಯ ಇಷ್ಟು ಗಂಟೆ ಇಷ್ಟು ನಿಮಿಷಕ್ಕೆ ವಿಷುವದ್ವೃತ್ತ ದಾಟುತ್ತಾನೆ, ಹಗಲು ಸುಮಾರು 12 ಗಂಟೆ 7 ನಿಮಿಷ’ ಎಂದು ಅಚ್ಚು ಹಾಕಿ. ಮಾರ್ಚ್ 21, ಸೆಪ್ಟೆಂಬರ್ 23 ಎಂದು ಕಣ್ಣುಮುಚ್ಚಿ ಬರೆಯದೆ ಆಯಾ ವರ್ಷದ ದಿನಾಂಕ ನೋಡಿ ಹಾಕಿ. ಭಾರತೀಯ ಕಾಲಮಾನದಲ್ಲಿ 2025ರ ಶರದ್ ವಿಷುವ ಸೆಪ್ಟೆಂಬರ್ 22ರ ರಾತ್ರಿ 11.49ಕ್ಕಿತ್ತು, 2027ರ ವಸಂತ ವಿಷುವ ಮಾರ್ಚ್ 21ರ ನಸುಕಿನ 1.55ಕ್ಕೆ ಬರುತ್ತದೆ. ಸಮ ದಿನದ ಸುದ್ದಿಯೂ ಬೇಕೆಂದಾದರೆ ಮಾರ್ಚ್ ಎರಡನೇ ವಾರದಲ್ಲಿ ಮತ್ತು ಅಕ್ಟೋಬರ್ ಮೊದಲ ದಿನಗಳಲ್ಲಿ, ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿ, ಕಲಬುರಗಿ ಆವೃತ್ತಿಗಳಿಗೆ ಆಯಾ ಊರಿನ ದಿನಾಂಕ ಹಾಕಿ ಪ್ರಕಟಿಸಬಹುದು. ಅದಕ್ಕೆ ಬೇಕಾದ ಅಂಕಿಗಳೆಲ್ಲ ನಿಮ್ಮ ಪಂಚಾಂಗದ ಅಂಕಣದಲ್ಲೇ ದಿನವೂ ಅಚ್ಚಾಗುತ್ತಿವೆ.

ಇತಿ,
ಹವ್ಯಾಸಿ ಖಗೋಳ ವೀಕ್ಷಕ, ಬೆಂಗಳೂರು